ಪುಟ್ಟ ಕೀಬೋರ್ಡಿಗೆ ಶ್ರುತಿಯ ಗುಂಡಿ: ಮನೆಯಲ್ಲೇ ಮಾಡಬಹುದಾದ ಮಾರ್ಪಾಡಿನ ಸಮಗ್ರ ಮಾರ್ಗದರ್ಶಿ

ನನ್ನ ಮಗಳು ಐದು ಮನೆ ಶ್ರುತಿಯಲ್ಲಿ, ಅಂದರೆ ಐದನೆಯ ಬಿಳಿ ಕೀಲಿಯನ್ನು (ಜಿ) ಷಡ್ಜವಾಗಿ ಹಿಡಿದು ಹಾಡುತ್ತಾಳೆ. ಆದರೆ ಮನೆಯಲ್ಲಿದ್ದ ಪುಟ್ಟ ಆಟಿಕೆ ಕೀಬೋರ್ಡಿನಲ್ಲಿ ಅವಳು ಸರಳೆ ವರಸೆಗೆ ಬೆರಳು ಕಲಿತದ್ದು ಒಂದು ಮನೆಯ ಬಿಳಿ ಕೀಲಿಯನ್ನು (ಸಿ) ಷಡ್ಜವಾಗಿ ಇಟ್ಟುಕೊಂಡು. ಆ ವರಸೆಗಳ ರಾಗವಾದ ಮಾಯಾಮಾಳವಗೌಳಕ್ಕೆ ಆ ಷಡ್ಜದಿಂದ ಎರಡೇ ಕಪ್ಪು ಕೀಲಿಗಳು ಸಾಕು. ಐದು ಮನೆಯಿಂದ ನುಡಿಸಿದರೆ ಮೂರು ಕಪ್ಪು ಕೀಲಿಗಳು ಬರುತ್ತವೆ, ಅವುಗಳ ಜಾಗವೂ ಬೇರೆ. ದೊಡ್ಡ ಕೀಬೋರ್ಡುಗಳಲ್ಲಿ ಶ್ರುತಿಯನ್ನು ಏರಿಸಿ ಇಳಿಸುವ ಸೌಲಭ್ಯವಿರುತ್ತದೆ, ಆಟಿಕೆಗಳಲ್ಲಿ ಇರುವುದಿಲ್ಲ. ಗುರುಗಳ ಹಳೆಯ ಹಾರ್ಮೋನಿಯಂ ಬೇರೆ, ಯಾವ ನಿಗದಿತ ಮನೆಗೂ ಸರಿಯಾಗಿ ಕೂರದೆ ಎರಡು ಮನೆಗಳ ನಡುವೆ ಎಲ್ಲೋ ನಿಂತಿತ್ತು. ಬೆರಳಿನ ಅಭ್ಯಾಸವನ್ನು ಹಾಗೆಯೇ ಉಳಿಸಿಕೊಂಡು ವಾದ್ಯದ ಶ್ರುತಿಯನ್ನೇ ಸರಿಸಬಹುದೇ ಎಂಬ ಪ್ರಶ್ನೆಯಿಂದ ಈ ಕೆಲಸ ಶುರುವಾಯಿತು. ಸರಿಸಬಹುದು. ಒಂದು ರೆಸಿಸ್ಟರ್ (ವಿದ್ಯುತ್ತಿನ ಹರಿವನ್ನು ತಡೆಯುವ ಪುಟ್ಟ ಬಿಡಿಭಾಗ) ತೆಗೆದು ಅಲ್ಲಿ ಇನ್ನೊಂದು ರೆಸಿಸ್ಟರನ್ನೂ ಎರಡು ತಿರುಗುಗುಂಡಿಗಳನ್ನೂ ಕೂರಿಸಿದರೆ ಸಾಕು. ಆದರೆ ಆ ಒಂದು ರೆಸಿಸ್ಟರ್‌ವರೆಗೆ ಹೋಗುವ ದಾರಿಯಲ್ಲಿ ನಾನು ಎರಡು ಕೀಬೋರ್ಡುಗಳನ್ನು ಕೆಡಿಸಿದ್ದೇನೆ. ಎಲ್ಲಿ, ಏಕೆ ಕೆಟ್ಟವು ಎಂಬುದನ್ನೂ ಆಯಾ ಹಂತದಲ್ಲಿಯೇ ಹೇಳುತ್ತೇನೆ, ಏಕೆಂದರೆ ಈ ಹವ್ಯಾಸದಲ್ಲಿ ಹೆಚ್ಚಿನವರು ಕೈಬಿಡುವುದು ಅಂತಹ ಜಾಗಗಳಲ್ಲೇ.

ಶ್ರುತಿ ಹುಟ್ಟುವ ಜಾಗ

ಅಗ್ಗದ ಕೀಬೋರ್ಡಿನ ಹೊಟ್ಟೆಯಲ್ಲಿ ಕಪ್ಪು ಅಂಟಿನ ಹನಿಯಂತೆ ಕಾಣುವ ಒಂದೇ ಒಂದು ಚಿಪ್ ಇರುತ್ತದೆ. ಅದಕ್ಕೆ ಒಂದು ಗಡಿಯಾರದ ಮಿಡಿತ ಬೇಕು. ಪ್ರತಿಯೊಂದು ಸ್ವರವನ್ನೂ ಚಿಪ್ ಆ ಮಿಡಿತವನ್ನು ಬೇರೆ ಬೇರೆ ಸಂಖ್ಯೆಗಳಿಂದ ಭಾಗಿಸಿಯೋ, ಅದರ ಲೆಕ್ಕದಲ್ಲಿ ನೆನಪಿನಿಂದ ಓದಿಯೋ ಹುಟ್ಟಿಸುತ್ತದೆ. ಆದ್ದರಿಂದ ಮಿಡಿತ ನಿಧಾನವಾದರೆ ಎಲ್ಲ ಸ್ವರಗಳೂ ಒಂದೇ ಪ್ರಮಾಣದಲ್ಲಿ ಇಳಿಯುತ್ತವೆ, ಸ್ವರಗಳ ನಡುವಿನ ಅಂತರ ಮಾತ್ರ ಕೆಡುವುದಿಲ್ಲ. ನಮಗೆ ಬೇಕಾದದ್ದು ಇದೇ ಗುಣ. ಜೊತೆಗೆ ಬರುವ ಒಂದು ಮಿತಿಯನ್ನು ಒಪ್ಪಿಕೊಳ್ಳಬೇಕು: ಒಳಗಿರುವ ತಾಳಗಳ ಮತ್ತು ಸಿದ್ಧ ಹಾಡುಗಳ ವೇಗವೂ ಶ್ರುತಿಯೊಂದಿಗೇ ಏರಿಳಿಯುತ್ತದೆ.

ಶ್ರುತಿಗೆ ಒಂದು ಗುಂಡಿ ಎಂಬುದು ನಮ್ಮ ಸಂಗೀತದವರಿಗೆ ಹೊಸದಲ್ಲ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿಯ ವಂಶದ ಪೆಟ್ಟಿಗೆಗಳಲ್ಲಿ ಗುಂಡಿ ತಿರುಗಿಸಿ ಶ್ರುತಿ ಸೇರಿಸುವುದನ್ನು ಕಛೇರಿಗಳಲ್ಲಿ ಎಲ್ಲರೂ ನೋಡಿರುತ್ತಾರೆ. ಆಟಿಕೆಗಳನ್ನು ಬಿಚ್ಚಿ ಮಾರ್ಪಡಿಸುವ ಹವ್ಯಾಸಕ್ಕೂ ಅದರದೇ ಚರಿತ್ರೆಯಿದೆ. ಅಮೆರಿಕದ ರೀಡ್ ಘಜಾಲಾ ಅವರ ಮೇಜಿನ ಡ್ರಾಯರಿನಲ್ಲಿ 1960ರ ದಶಕದಲ್ಲಿ ಒಂದು ಆಟಿಕೆ ಆಂಪ್ಲಿಫೈಯರ್ ಲೋಹಕ್ಕೆ ತಗುಲಿ ಶಾರ್ಟ್ ಆಗಿ ವಿಚಿತ್ರ ನಾದಗಳನ್ನು ಹೊರಡಿಸಿತು. ಅವರು ಅದನ್ನೇ ಹಿಂಬಾಲಿಸಿ, ಮುಂದೆ ‘ಸರ್ಕ್ಯೂಟ್ ಬೆಂಡಿಂಗ್’ ಎಂಬ ಹೆಸರನ್ನು ಕೊಟ್ಟರು. ಅವರ ದಾರಿ ಆಕಸ್ಮಿಕವನ್ನು ಹುಡುಕುವುದು. ನಮ್ಮದು ಅದೇ ತಂತ್ರವನ್ನು ಹಿಡಿದು ಒಂದು ನಿಶ್ಚಿತ ಷಡ್ಜವನ್ನು ಹುಡುಕುವುದು.

ವಾದ್ಯ ಮತ್ತು ಸಲಕರಣೆ

ಮೊದಲ ಪ್ರಯೋಗಕ್ಕೆ ಬ್ಯಾಟರಿಯಿಂದ ನಡೆಯುವ, ಹೋದರೆ ಹೋಯಿತು ಎನ್ನಬಹುದಾದ ಕೀಬೋರ್ಡನ್ನೇ ಆರಿಸಿಕೊಳ್ಳಿ. ಬೆಂಗಳೂರಿನವರಿಗೆ ಚಿಕ್ಕಪೇಟೆಯ ಕಡೆ ಭಾನುವಾರ ಸೇರುವ ಹಳೆ ಸಾಮಾನಿನ ಸಂತೆಯಲ್ಲಿ ಇಂಥವು ಸಿಗುತ್ತವೆ, ಬಿಡಿಭಾಗಗಳಿಗೆ ಎಸ್.ಪಿ. ರಸ್ತೆ ಇದೆ. ಕೊಳ್ಳುವ ಮುನ್ನ ಬ್ಯಾಟರಿ ಹಾಕಿಸಿ ಪ್ರತಿಯೊಂದು ಕೀಲಿಯನ್ನೂ ಒತ್ತಿ ನೋಡಿ. ಮೊದಲೇ ಕೆಟ್ಟಿದ್ದ ಕೀಲಿಯನ್ನು ನಿಮ್ಮ ಬೆಸುಗೆಯ ತಪ್ಪೆಂದು ಭಾವಿಸಿ ಒಂದು ಸಂಜೆಯನ್ನು ಕಳೆಯುವುದು ಬೇಡ.

25 ವಾಟಿನ ಸೋಲ್ಡರಿಂಗ್ ಐರನ್, ಬೆಸುಗೆಗೆ 60/40 ಸೀಸ (ತವರ ಮತ್ತು ಸೀಸದ ಮಿಶ್ರಲೋಹ), ತಪ್ಪಿದ ಬೆಸುಗೆಯನ್ನು ಹೀರುವ ಪಂಪು, ಮಲ್ಟಿಮೀಟರ್, ಸಣ್ಣ ಸ್ಕ್ರೂಡ್ರೈವರುಗಳು, ತೆಳ್ಳನೆಯ ಎಳೆತಂತಿ, ಇಷ್ಟು ಬೇಕು. ಗುಂಡಿಗೆ 100 ಕಿಲೋ ಓಮ್ ಮತ್ತು 5 ಕಿಲೋ ಓಮಿನ (ಓಮ್ ಎಂದರೆ ವಿದ್ಯುತ್ತಿಗೆ ಒಡ್ಡುವ ತಡೆಯ, ಅಂದರೆ ರೋಧದ, ಅಳತೆ), ತಿರುಗಿಸಿದಂತೆ ರೋಧ ಬದಲಾಗುವ ಎರಡು ಪೊಟೆನ್ಷಿಯೋಮೀಟರ್‌ಗಳು ಬೇಕು. ಅಂಗಡಿಯಲ್ಲಿ ‘ಪಾಟ್’ ಎಂದರೆ ಕೊಡುತ್ತಾರೆ, ಮೇಲೆ ‘ಬಿ’ ಅಕ್ಷರವಿರುವ ಲೀನಿಯರ್ ಬಗೆಯನ್ನೇ ಕೇಳಿ. ಸೀಸ ವಿಷ. ಕಿಟಕಿ ತೆರೆದಿಟ್ಟುಕೊಂಡು ಕೆಲಸ ಮಾಡಬೇಕು, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು, ಊಟದ ಮೇಜಿನ ಮೇಲೆ ಬೆಸುಗೆ ಹಾಕಬಾರದು. ಕೆಲಸದುದ್ದಕ್ಕೂ ಕೀಬೋರ್ಡ್ ಬ್ಯಾಟರಿಯಿಂದಲೇ ನಡೆಯಲಿ. ಗೋಡೆಯ 230 ವೋಲ್ಟಿನ ಅಡಾಪ್ಟರನ್ನು ಬಿಚ್ಚಲು ಯಾವ ಕಾರಣಕ್ಕೂ ಹೋಗಬೇಡಿ.

ಒಂದು ನೋಟ್‌ಪುಸ್ತಕವೂ ಬೇಕು. ಪ್ರತಿಯೊಂದು ಬದಲಾವಣೆಗೆ ಮೊದಲು ಒಳಗಿನ ಸರ್ಕ್ಯೂಟ್ ಬೋರ್ಡಿನ ಚಿತ್ರವನ್ನು ಫೋನಿನಲ್ಲಿ ತೆಗೆದು, ಏನು ಬದಲಿಸಿದೆ, ಏನು ಕೇಳಿಸಿತು ಎಂದು ಒಂದು ಸಾಲು ಬರೆಯಿರಿ. ಒಮ್ಮೆಗೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಮಾಡಿ ವಾದ್ಯ ಮೂಕವಾದರೆ ಯಾವುದರಿಂದ ಎಂದು ತಿಳಿಯುವ ದಾರಿಯೇ ಇರುವುದಿಲ್ಲ.

ಬಿಚ್ಚುವುದು

ತಿರುಪುಗಳನ್ನು ತೆಗೆದು, ಯಾವುದು ಎಲ್ಲಿಯದೆಂದು ತಿಳಿಯುವಂತೆ ಒಂದು ರಟ್ಟಿನ ಮೇಲೆ ಚುಚ್ಚಿಡಿ. ಎಲ್ಲ ತಿರುಪು ತೆಗೆದರೂ ಮುಚ್ಚಳ ಬಿಡದಿದ್ದರೆ ಬ್ಯಾಟರಿ ಗೂಡಿನೊಳಗೆ ಅಥವಾ ಅಂಟುಕಾಗದದ ಕೆಳಗೆ ಇನ್ನೊಂದು ಇದೆ ಎಂದೇ ಅರ್ಥ. ಮುಚ್ಚಳವನ್ನು ಪುಸ್ತಕದಂತೆ ಪೂರ್ತಿ ತೆರೆಯುವ ಆತುರ ಬೇಡ. ನನ್ನ ಮೊದಲ ಕೀಬೋರ್ಡ್ ಸತ್ತದ್ದು ಅಲ್ಲೇ. ಕೀಲಿಗಳ ಹಾಸಿಗೆಯಿಂದ ಚಿಪ್ಪಿನ ಬೋರ್ಡಿಗೆ ಹೋಗುವ, ಪ್ಲಾಸ್ಟಿಕ್ ಹಾಳೆಯಂತಿದ್ದ ಬೂದು ಪಟ್ಟಿಯೊಂದು ಎಳೆತಕ್ಕೆ ಬಿಟ್ಟುಕೊಂಡಿತು. ಅದು ಶಾಖದಿಂದ ಒತ್ತಿ ಅಂಟಿಸಿದ ಇಂಗಾಲದ ಗೆರೆಗಳ ಪಟ್ಟಿ. ಅದಕ್ಕೆ ಬೆಸುಗೆ ಹಿಡಿಯುವುದಿಲ್ಲ, ಐರನ್ ತಗುಲಿದರೆ ಕರಗಿ ಹೋಗುತ್ತದೆ. ಎರಡು ದಿನ ಒದ್ದಾಡಿ ಕೊನೆಗೆ ಅದರ ಸ್ಪೀಕರ್, ಗುಂಡಿಗಳು ಮತ್ತು ಬ್ಯಾಟರಿ ಗೂಡನ್ನು ತೆಗೆದಿಟ್ಟುಕೊಂಡೆ. ಅಂದಿನಿಂದ ಮುಚ್ಚಳವನ್ನು ಒಂದು ಬೆರಳಿನಷ್ಟು ಮಾತ್ರ ಎತ್ತಿ, ಟಾರ್ಚ್ ಹಾಕಿ, ಒಳಗೆ ಯಾವ ಪಟ್ಟಿ ಯಾವ ಕಡೆ ಬಿಗಿದಿದೆ ಎಂದು ನೋಡಿದ ಮೇಲೆಯೇ ಮುಂದುವರಿಯುತ್ತೇನೆ. ಇಂತಹ ಪಟ್ಟಿ ಕಂಡರೆ ಎರಡು ಭಾಗಗಳನ್ನೂ ಒಂದೇ ಹಲಗೆಯ ಮೇಲೆ ಅಂಟುಪಟ್ಟಿಯಿಂದ ಕದಲದಂತೆ ಕೂರಿಸಿಕೊಂಡು ಕೆಲಸ ಮಾಡಿ.

ಸರಿಯಾದ ರೆಸಿಸ್ಟರನ್ನು ಕಂಡುಹಿಡಿಯುವುದು

ಬ್ಯಾಟರಿ ಹಾಕಿ, ವಾದ್ಯದ ಸಿದ್ಧ ಹಾಡೊಂದನ್ನು ನುಡಿಯಲು ಬಿಡಿ. ತೋರುಬೆರಳನ್ನು ಸ್ವಲ್ಪ ಒದ್ದೆ ಮಾಡಿ, ಕಪ್ಪು ಹನಿಯ ಹತ್ತಿರವಿರುವ ರೆಸಿಸ್ಟರ್‌ಗಳ ಎರಡೂ ತುದಿಗಳಿಗೆ ಒಟ್ಟಿಗೆ ತಗುಲುವಂತೆ ಒಂದೊಂದಾಗಿ ಮುಟ್ಟುತ್ತ ಹೋಗಿ. ಆರು ವೋಲ್ಟಿನಲ್ಲಿ ಇದರಿಂದ ನಿಮಗೇನೂ ಆಗುವುದಿಲ್ಲ. ಯಾವುದನ್ನು ಮುಟ್ಟಿದಾಗ ಹಾಡು ಒಮ್ಮೆಲೇ ಮೇಲಿನ ಶ್ರುತಿಗೆ ಏರಿ ಓಡತೊಡಗುತ್ತದೆಯೋ ಅದೇ ಗಡಿಯಾರದ ರೆಸಿಸ್ಟರ್. ಒದ್ದೆ ಚರ್ಮ ಆ ರೆಸಿಸ್ಟರಿಗೆ ಸಮಾಂತರವಾಗಿ ಕೂಡಿಕೊಂಡು ಒಟ್ಟು ರೋಧವನ್ನು ಇಳಿಸುತ್ತದೆ, ಅದಕ್ಕೇ ಮಿಡಿತ ಏರುತ್ತದೆ. ನನಗೆ ಈ ಕೆಲಸದಲ್ಲಿ ಅತ್ಯಂತ ಸಂತೋಷ ಕೊಟ್ಟ ಕ್ಷಣ ಇದು; ಬೆರಳನ್ನು ಒತ್ತಿದಂತೆ ಸ್ವರ ಏರಿ, ಸಡಿಲಿಸಿದಂತೆ ಇಳಿದಾಗ ಜಡವಾದ ಆ ಪೆಟ್ಟಿಗೆಯಲ್ಲಿ ಗಮಕ ಹುಟ್ಟಿದಂತೆ ಕೇಳಿಸಿತು.

ಯಾವ ರೆಸಿಸ್ಟರನ್ನು ಮುಟ್ಟಿದರೂ ಶ್ರುತಿ ಕದಲದಿದ್ದರೆ ಮತ್ತು ಬೋರ್ಡಿನ ಮೇಲೆ ಹರಳು ಅಥವಾ ಎರಡು ಮೂರು ಕಾಲಿನ ಸೆರಾಮಿಕ್ ರೆಸೊನೇಟರ್ (ಎರಡೂ ಮಿಡಿತವನ್ನು ಸ್ಥಿರವಾಗಿ ಹಿಡಿಯುವ ಬಿಡಿಭಾಗಗಳು) ಕಂಡರೆ ನಿಮ್ಮದು ಬೇರೆ ಜಾತಿಯ ವಾದ್ಯ. ಅದರ ವಿಚಾರ ಮುಂದೆ ಬರುತ್ತದೆ.

ರೆಸಿಸ್ಟರಿನ ರೋಧ ಎಷ್ಟೆಂದು ಅದರ ಬಣ್ಣದ ಪಟ್ಟಿಗಳಿಂದ ಓದಿ. ಕೆಂಪು, ಕಪ್ಪು, ಹಳದಿ ಎಂದರೆ 200 ಕಿಲೋ ಓಮ್. ಬೋರ್ಡಿಗೆ ಅಂಟಿದ ಚಿಕ್ಕ ಬಗೆಯದಾದರೆ ಅದೇ ರೋಧಕ್ಕೆ 204 ಎಂದು ಮುದ್ರಿಸಿರುತ್ತಾರೆ. ಬೋರ್ಡಿನಲ್ಲಿ ಇದ್ದಂತೆಯೇ ಮಲ್ಟಿಮೀಟರಿನಿಂದ ಅಳೆದರೆ ಚಿಪ್ ಕೂಡ ಲೆಕ್ಕಕ್ಕೆ ಸೇರಿ ತಪ್ಪು ಅಂಕಿ ಬರುತ್ತದೆ, ಒಂದು ಕಾಲನ್ನಾದರೂ ಬಿಡಿಸಿಯೇ ಅಳೆಯಬೇಕು.

ಲೆಕ್ಕ

ಇಂತಹ ಗಡಿಯಾರದಲ್ಲಿ ರೋಧ ಎಷ್ಟು ಪಟ್ಟು ಹೆಚ್ಚುತ್ತದೆಯೋ ಮಿಡಿತ ಸರಿಸುಮಾರು ಅಷ್ಟು ಪಟ್ಟು ಇಳಿಯುತ್ತದೆ. ಒಂದು ಕೀಲಿಯಿಂದ ಪಕ್ಕದ ಕೀಲಿಗೆ, ಅಂದರೆ ಅರ್ಧ ಮನೆಗೆ, ಕಂಪನಗಳ ಪ್ರಮಾಣ 1.0595. ನನಗೆ ಬೇಕಿದ್ದದ್ದು ಒಂದು ಮನೆಯ ಕೀಲಿಯಲ್ಲಿ ಕೆಳಗಿನ ಐದು ಮನೆ ಕೇಳಿಸುವುದು, ಅಂದರೆ ಐದು ಕೀಲಿಗಳಷ್ಟು ಇಳಿತ. 1.0595ನ್ನು ಐದು ಸಲ ಗುಣಿಸಿದರೆ 1.335 ಬರುತ್ತದೆ, 200 ಕಿಲೋ ಓಮಿಗೆ ಅದು 267 ಕಿಲೋ ಓಮ್. ಮೇಲಕ್ಕೂ ಸ್ವಲ್ಪ ಅವಕಾಶವಿರಲೆಂದು 180 ಕಿಲೋ ಓಮಿನ ಸ್ಥಿರ ರೆಸಿಸ್ಟರ್, 100 ಕಿಲೋ ಓಮಿನ ದೊಡ್ಡ ಗುಂಡಿ ಮತ್ತು 5 ಕಿಲೋ ಓಮಿನ ಚಿಕ್ಕ ಗುಂಡಿ, ಈ ಮೂರನ್ನೂ ಸಾಲಾಗಿ ಜೋಡಿಸಿದೆ. ಒಟ್ಟು 180ರಿಂದ 285ರವರೆಗೆ ಸಿಗುತ್ತದೆ. ಮೂಲ ಶ್ರುತಿಗಿಂತ ಸುಮಾರು ಎರಡು ಕೀಲಿ ಮೇಲಿನಿಂದ ಆರು ಕೀಲಿ ಕೆಳಗಿನವರೆಗೆ. ದೊಡ್ಡ ಗುಂಡಿ ಮನೆಯನ್ನು ಹಿಡಿಯಲು. ಚಿಕ್ಕದು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿದರೂ ಶ್ರುತಿ ಅರ್ಧ ಕೀಲಿಯಷ್ಟೂ ಸರಿಯದ ಕಾರಣ ಹಾರ್ಮೋನಿಯಮ್ಮಿಗೆ ಕೂದಲೆಳೆಯಷ್ಟು ನಿಖರವಾಗಿ ಸೇರಿಸಲು. ನಿಮ್ಮ ಮೂಲ ರೆಸಿಸ್ಟರಿನ ರೋಧ ಬೇರೆಯಾಗಿದ್ದರೆ ಮೂರನ್ನೂ ಅದೇ ಅನುಪಾತದಲ್ಲಿ ಬದಲಿಸಿಕೊಳ್ಳಿ.

ಸ್ಥಿರ ರೆಸಿಸ್ಟರನ್ನು ಬಿಟ್ಟು ಬರೀ ಗುಂಡಿಯನ್ನು ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಆಗ ಗುಂಡಿ ಒಂದು ಕೊನೆಗೆ ತಲುಪಿದೊಡನೆ ರೋಧ ಸೊನ್ನೆಯಾಗಿ ಮಿಡಿತ ಚಿಪ್ಪಿನ ಶಕ್ತಿಯನ್ನು ಮೀರುತ್ತದೆ ಅಥವಾ ನಿಂತೇ ಹೋಗುತ್ತದೆ, ವಾದ್ಯ ಒಂದೇ ಕಿರುಚಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗಾದರೆ ಗಾಬರಿ ಬೇಡ. ಬ್ಯಾಟರಿ ತೆಗೆದು, ವಿದ್ಯುತ್ತನ್ನು ತುಸು ಹೊತ್ತು ಹಿಡಿದಿಡುವ ಕೆಪಾಸಿಟರ್‌ಗಳು ಖಾಲಿಯಾಗಲು ಅರ್ಧ ನಿಮಿಷ ಕಾದು ಮತ್ತೆ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಜೋಡಣೆ

ಹಳೆಯ ರೆಸಿಸ್ಟರನ್ನು ತೆಗೆಯುವಾಗ ಐರನ್ನಿನ ಮೊನೆ ಒಂದು ಜಾಗದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು. ಬಿಡದಿದ್ದರೆ ಎಳೆಯಬೇಡಿ, ಹೊಸ ಸೀಸವನ್ನು ಸ್ವಲ್ಪ ಕೊಟ್ಟು ಮತ್ತೆ ಕಾಯಿಸಿ, ಹಳೆಯ ಬೆಸುಗೆ ಅದರೊಂದಿಗೆ ಬೆರೆತು ಸುಲಭವಾಗಿ ಕರಗುತ್ತದೆ. ಅಗ್ಗದ ಬೋರ್ಡಿನ ತಾಮ್ರ ಬಹಳ ದುರ್ಬಲ. ಶಾಖ ಹೆಚ್ಚಾಗಿ ಬೆಸುಗೆ ಕೂರುವ ತಾಮ್ರದ ಬಿಲ್ಲೆಯೇ ಎದ್ದು ಬಂದರೂ ಎಲ್ಲ ಕೆಟ್ಟಿತೆಂದಲ್ಲ: ಆ ಬಿಲ್ಲೆಗೆ ಬರುತ್ತಿದ್ದ ತಾಮ್ರದ ಗೆರೆಯನ್ನು ಹುಡುಕಿ, ಅದರ ಮೇಲಿನ ಹಸಿರು ಲೇಪವನ್ನು ಬ್ಲೇಡಿನ ತುದಿಯಿಂದ ಎರಡು ಮಿಲಿಮೀಟರಿನಷ್ಟು ಮೆಲ್ಲಗೆ ಕೆರೆದು, ಹೊಳೆಯುವ ತಾಮ್ರಕ್ಕೆ ಸೀಸ ಹಚ್ಚಿ, ಎಳೆತಂತಿಯ ಒಂದೇ ಎಳೆಯನ್ನು ಅಲ್ಲಿಗೆ ಬೆಸೆಯಿರಿ. ತಣ್ಣಗಾದ ಮೇಲೆ ಒಂದು ಹನಿ ಅಂಟು ಹಾಕಿ ಕೂರಿಸಿ. ನನ್ನ ಮೂರನೆಯ ಕೀಬೋರ್ಡ್ ಇಂದಿಗೂ ಇಂತಹ ಒಂದು ಎಳೆಯ ಮೇಲೆಯೇ ಹಾಡುತ್ತಿದೆ.

180 ಕಿಲೋ ಓಮಿನ ರೆಸಿಸ್ಟರಿನ ಒಂದು ಕಾಲನ್ನು ಹಳೆಯ ರಂಧ್ರಕ್ಕೆ ಬೆಸೆದು, ಇನ್ನೊಂದು ಕಾಲಿನಿಂದ ತಂತಿಯನ್ನು ದೊಡ್ಡ ಗುಂಡಿಗೆ, ಅಲ್ಲಿಂದ ಚಿಕ್ಕ ಗುಂಡಿಗೆ, ಅಲ್ಲಿಂದ ಮತ್ತೆ ಬೋರ್ಡಿನ ಎರಡನೆಯ ರಂಧ್ರಕ್ಕೆ ತನ್ನಿ. ಗುಂಡಿಯ ದಂಡವನ್ನು ನಿಮ್ಮ ಕಡೆಗೂ ಕಾಲುಗಳನ್ನು ಕೆಳಕ್ಕೂ ಹಿಡಿದರೆ, ಎಡಗಾಲು ಮತ್ತು ನಡುಗಾಲನ್ನು ಒಂದಕ್ಕೊಂದು ಬೆಸೆದು ಅದನ್ನು ಒಂದು ತುದಿಯಾಗಿಯೂ ಬಲಗಾಲನ್ನು ಇನ್ನೊಂದು ತುದಿಯಾಗಿಯೂ ಬಳಸಬೇಕು. ಆಗ ಬಲಕ್ಕೆ ತಿರುಗಿಸಿದಂತೆ ಶ್ರುತಿ ಏರುತ್ತದೆ. ಎಡಗಾಲನ್ನು ನಡುಗಾಲಿಗೆ ಕಟ್ಟುವುದರಿಂದ ಇನ್ನೊಂದು ಲಾಭವಿದೆ: ಮುಂದೆ ಧೂಳು ಸೇರಿ ಒಳಗಿನ ಸಂಪರ್ಕ ಕ್ಷಣಕಾಲ ತಪ್ಪಿದರೂ ಗಡಿಯಾರ ನಿಲ್ಲುವುದಿಲ್ಲ, ಶ್ರುತಿ ಒಮ್ಮೆ ಇಳಿದು ಮರಳುತ್ತದೆ ಅಷ್ಟೆ.

ಇಷ್ಟು ಮಾಡಿದ ಮೇಲೆ ನನ್ನ ವಾದ್ಯ ಶ್ರುತಿಗೆ ಬಂದಿತ್ತು, ಆದರೆ ಕೈಯನ್ನು ಹತ್ತಿರ ತಂದಾಗಲೆಲ್ಲ ಸ್ವರ ನಡುಗುತ್ತಿತ್ತು. ಒಂದು ವಾರ ಬೆಸುಗೆಗಳನ್ನೇ ಶಂಕಿಸಿ ಎಲ್ಲವನ್ನೂ ಮತ್ತೆ ಮತ್ತೆ ಕಾಯಿಸಿದೆ. ನೋಟ್‌ಪುಸ್ತಕದಲ್ಲಿ ‘ಕೈ ಹತ್ತಿರ: ಇಳಿತ, ಕೈ ದೂರ: ಸರಿ’ ಎಂದು ಬರೆದ ಸಾಲನ್ನು ಓದಿದಾಗ ಮಾತ್ರ ಕಾರಣ ಹೊಳೆಯಿತು. ಗುಂಡಿಯನ್ನು ಎಲ್ಲಿ ಕೂರಿಸುವುದೆಂದು ತೀರ್ಮಾನಿಸದೆ ನಾನು ಅರ್ಧ ಮೀಟರ್ ತಂತಿ ಬಿಟ್ಟಿದ್ದೆ. ಗಡಿಯಾರದ ಆ ಬಿಂದು ಬಹಳ ಸೂಕ್ಷ್ಮ. ಅದು ಕೆಲವೇ ಪಿಕೋಫ್ಯಾರಡ್‌ಗಳ (ಅತಿ ಸಣ್ಣ ಅಳತೆಯ) ಕೆಪಾಸಿಟರಿನಿಂದ ನಡೆಯುವಂಥದು. ಉದ್ದ ತಂತಿ ಮತ್ತು ನನ್ನ ಕೈ ಸೇರಿ ಅದಕ್ಕೆ ಇನ್ನಷ್ಟು ಪಿಕೋಫ್ಯಾರಡ್‌ಗಳನ್ನು ಕೂಡಿಸುತ್ತಿದ್ದವು. ತಂತಿಗಳನ್ನು ಎಂಟು ಸೆಂಟಿಮೀಟರಿಗೆ ಕತ್ತರಿಸಿ, ಗುಂಡಿಗಳ ಲೋಹದ ಮೈಯನ್ನು ಬ್ಯಾಟರಿಯ ನೆಗೆಟಿವ್‌ಗೆ ಜೋಡಿಸಿದೊಡನೆ ನಡುಕ ನಿಂತಿತು. ಆದ್ದರಿಂದ ಬೆಸುಗೆಗೆ ಮೊದಲೇ ಗುಂಡಿಯ ಜಾಗವನ್ನು ನಿರ್ಧರಿಸಿ, ಅದು ಚಿಪ್ಪಿಗೆ ಹತ್ತಿರವಿರಲಿ.

ಬ್ಯಾಟರಿ ಇಳಿದಂತೆ ಈ ಬಗೆಯ ಗಡಿಯಾರ ಅಲ್ಪಸ್ವಲ್ಪ ಜಾರುತ್ತದೆ. ಚಾರ್ಜ್ ಮಾಡುವ ನಿಕೆಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳು ಬಹುಕಾಲ 1.2 ವೋಲ್ಟಿನ ಆಸುಪಾಸಿನಲ್ಲೇ ನಿಲ್ಲುವುದರಿಂದ ನನಗೆ ಅವೇ ಹಿಡಿಸಿದವು.

ಹೊರಗಿನ ಸ್ಪೀಕರಿಗೆ ದಾರಿ

ಆಟಿಕೆಯ ಒಳ ಸ್ಪೀಕರ್ ಕೆಳಸ್ಥಾಯಿಯನ್ನು ನುಂಗಿಬಿಡುತ್ತದೆ, ಶ್ರುತಿ ಇಳಿಸಿದಾಗ ಇದು ಹೆಚ್ಚು ಎದ್ದು ಕಾಣುತ್ತದೆ. ಹೊರಗಿನ ಸ್ಪೀಕರಿಗೆ ಒಂದು ಜ್ಯಾಕ್ ಕೂರಿಸುವುದು ಸುಲಭವೆಂದು ತೋರುತ್ತದೆ, ಆದರೆ ನನ್ನ ಎರಡನೆಯ ಕೀಬೋರ್ಡ್ ಕೆಟ್ಟದ್ದು ಇಲ್ಲಿ. ಸ್ಪೀಕರಿಗೆ ಬರುವ ಎರಡು ತಂತಿಗಳಲ್ಲಿ ಕಪ್ಪು ತಂತಿ ಗ್ರೌಂಡ್, ಅಂದರೆ ಬ್ಯಾಟರಿಯ ನೆಗೆಟಿವ್ ಕಡೆಯದು, ಎಂದು ನಂಬಿ ಅದನ್ನು ಬ್ಯಾಟರಿಯ ನೆಗೆಟಿವ್ ಜೊತೆ ಸೇರಿಸಿದೆ. ಕೆಲವೇ ಸೆಕೆಂಡಿನಲ್ಲಿ ಎಂಟು ಕಾಲಿನ ಆಂಪ್ಲಿಫೈಯರ್ ಐಸಿ (ನಾದವನ್ನು ಜೋರು ಮಾಡುವ ಚಿಪ್) ಮುಟ್ಟಲಾರದಷ್ಟು ಕಾದು ಸತ್ತಿತು. ಅದರ ಮೇಲೆ 8002 ಎಂದು ಮುದ್ರಿಸಿತ್ತು. ಆ ಐಸಿ ಸ್ಪೀಕರಿನ ಎರಡೂ ತುದಿಗಳನ್ನು ವಿರುದ್ಧ ದಿಕ್ಕಿನಲ್ಲಿ ತಳ್ಳುವ ಬ್ರಿಡ್ಜ್ ಬಗೆಯದು, ಅಲ್ಲಿ ಯಾವ ತುದಿಯೂ ಗ್ರೌಂಡ್ ಅಲ್ಲ.

ಬಣ್ಣವನ್ನು ನಂಬದೆ ಅಳತೆ ಮಾಡಿ. ವಾದ್ಯವನ್ನು ಚಾಲೂ ಮಾಡಿ, ಏನೂ ನುಡಿಸದೆ, ಮಲ್ಟಿಮೀಟರಿನ ಕಪ್ಪು ಮೊನೆಯನ್ನು ಬ್ಯಾಟರಿಯ ನೆಗೆಟಿವ್‌ಗೆ ಇಟ್ಟು ಸ್ಪೀಕರಿನ ಎರಡೂ ತುದಿಗಳ ಡಿಸಿ ವೋಲ್ಟೇಜನ್ನು ನೋಡಿ. ಎರಡರಲ್ಲೂ ಬ್ಯಾಟರಿಯ ಸುಮಾರು ಅರ್ಧದಷ್ಟು ಕಂಡರೆ ಬ್ರಿಡ್ಜ್. ಎರಡರಲ್ಲೂ ಸೊನ್ನೆ ಕಂಡರೆ ಎಲ್‌ಎಂ386 ಮುಂತಾದ ಸಾಮಾನ್ಯ ಆಂಪ್ಲಿಫೈಯರ್. ಒಂದು ತುದಿಯಲ್ಲಿ ಬ್ಯಾಟರಿಯ ಪೂರ್ತಿ ವೋಲ್ಟೇಜು ಕಂಡರೆ ಒಂದೇ ಟ್ರಾನ್ಸಿಸ್ಟರ್ ಸ್ಪೀಕರನ್ನು ನಡೆಸುತ್ತಿರಬಹುದು. ಮೂರರಲ್ಲೂ ಸಲ್ಲುವ ವಿಧಾನ ಇದು: ಸ್ಪೀಕರಿನ ಒಂದೇ ತುದಿಯಿಂದ, ಬ್ಯಾಟರಿಗೆ ನೇರವಾಗಿ ಸೇರದ ತುದಿಯಿಂದ, 10 ಮೈಕ್ರೋಫ್ಯಾರಡ್ ಕೆಪಾಸಿಟರಿನ ಪಾಸಿಟಿವ್ ಕಾಲಿಗೆ ತಂತಿ ತನ್ನಿ. ಕೆಪಾಸಿಟರಿನ ಇನ್ನೊಂದು ಕಾಲಿಗೆ 10 ಕಿಲೋ ಓಮ್, ಅದರ ಕೊನೆಯಿಂದ ಬ್ಯಾಟರಿಯ ನೆಗೆಟಿವ್‌ಗೆ 1 ಕಿಲೋ ಓಮ್ ಹಾಕಿ. ಎರಡು ರೆಸಿಸ್ಟರ್‌ಗಳು ಸೇರುವ ಬಿಂದುವೇ ಜ್ಯಾಕಿನ ತುದಿಗೆ, ನೆಗೆಟಿವ್ ಜ್ಯಾಕಿನ ಮೈಗೆ. ಸ್ಪೀಕರಿನ ಜೋರಾದ ಸಂಕೇತ ಹನ್ನೊಂದರಲ್ಲಿ ಒಂದು ಪಾಲಾಗಿ ಇಳಿದು ಹೊರಗಿನ ಆಂಪ್ಲಿಫೈಯರಿಗೆ ಹಿತವಾಗುತ್ತದೆ.

ಹರಳು ಅಥವಾ ರೆಸೊನೇಟರ್ ಇರುವ ಕೀಬೋರ್ಡ್

ಉತ್ತಮ ಕಂಪನಿಗಳ ಚಿಕ್ಕ ಕೀಬೋರ್ಡುಗಳಲ್ಲಿ ಮಿಡಿತವನ್ನು ರೆಸೊನೇಟರ್ ಸ್ಥಿರವಾಗಿ ಹಿಡಿದಿರುತ್ತದೆ, ಅಲ್ಲಿ ರೆಸಿಸ್ಟರ್ ಬದಲಿಸಿ ಫಲವಿಲ್ಲ. ಅದನ್ನು ತೆಗೆದು ಎಲ್‌ಟಿಸಿ1799 ಎಂಬ ಐದು ಕಾಲಿನ ಚಿಕ್ಕ ಐಸಿಯನ್ನು ಕೂರಿಸುವುದು ಹವ್ಯಾಸಿಗಳಲ್ಲಿ ರೂಢಿಯಲ್ಲಿರುವ ಮಾರ್ಗ. ಅದು ಒಂದೇ ರೆಸಿಸ್ಟರಿನಿಂದ 1 ಕಿಲೋಹರ್ಟ್ಸ್‌ನಿಂದ 33 ಮೆಗಾಹರ್ಟ್ಸ್‌ವರೆಗಿನ ಮಿಡಿತವನ್ನು ಕೊಡುತ್ತದೆ. ಮೊದಲ ಕಾಲು ಪಾಸಿಟಿವ್, ಎರಡನೆಯದು ಗ್ರೌಂಡ್, ಮೂರನೆಯದಕ್ಕೂ ಪಾಸಿಟಿವ್‌ಗೂ ನಡುವೆ ನಮ್ಮ ರೆಸಿಸ್ಟರ್ ಮತ್ತು ಗುಂಡಿಗಳು, ನಾಲ್ಕನೆಯದು ಭಾಗಿಸುವ ಕಾಲು, ಐದನೆಯದರಲ್ಲಿ ಮಿಡಿತ ಹೊರಬರುತ್ತದೆ. ನಾಲ್ಕನೆಯ ಕಾಲನ್ನು ಗ್ರೌಂಡಿಗೆ ಜೋಡಿಸಿದರೆ ಲೆಕ್ಕ ಸರಳ: 10 ಕಿಲೋ ಓಮಿಗೆ 10 ಮೆಗಾಹರ್ಟ್ಸ್, ರೋಧ ಹೆಚ್ಚಿದಷ್ಟೂ ಕಡಿಮೆ. ರೆಸೊನೇಟರಿನ ಮೇಲೆ 4.00 ಎಂದಿದ್ದರೆ 25 ಕಿಲೋ ಓಮ್ ಬೇಕು; 22 ಕಿಲೋ ಓಮ್ ಸ್ಥಿರ, 10 ಮತ್ತು 2 ಕಿಲೋ ಓಮಿನ ಗುಂಡಿಗಳನ್ನು ಸಾಲಾಗಿಟ್ಟರೆ ಎರಡು ಕೀಲಿ ಮೇಲೆ, ಐದು ಕೀಲಿ ಕೆಳಗೆ ಸಿಗುತ್ತದೆ. ಮೊದಲೆರಡು ಕಾಲುಗಳ ನಡುವೆ, ಐಸಿಗೆ ಅಂಟಿದಂತೆ, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ತಪ್ಪದೆ ಇರಲಿ. ರೆಸೊನೇಟರ್ ಇದ್ದ ರಂಧ್ರಗಳಲ್ಲಿ ಯಾವುದಕ್ಕೆ ಮಿಡಿತ ಕೊಡಬೇಕೆಂದು ತಿಳಿಯಲು, ಐದನೆಯ ಕಾಲಿಗೆ 1 ಕಿಲೋ ಓಮ್ ಸೇರಿಸಿ ಅದರ ಮೂಲಕ ಒಂದೊಂದನ್ನೇ ಮುಟ್ಟಿಸಿ ನೋಡಿ. ತಪ್ಪು ಕಾಲಿಗೆ ತಗುಲಿದರೂ ಆ ರೆಸಿಸ್ಟರ್ ಚಿಪ್ಪನ್ನು ಕಾಪಾಡುತ್ತದೆ.

ಈ ಐಸಿಗೆ 5.5 ವೋಲ್ಟಿಗಿಂತ ಹೆಚ್ಚು ಸಲ್ಲದು. ನಾಲ್ಕು ಹೊಸ ಆಲ್ಕಲೈನ್ ಸೆಲ್ಲುಗಳು ಸೇರಿದರೆ ಆರು ವೋಲ್ಟನ್ನೂ ದಾಟುತ್ತವೆ. ಬ್ಯಾಟರಿಯಿಂದ ನೇರವಾಗಿ ಕೊಟ್ಟು ಒಂದನ್ನು ನಾನು ಕಳೆದುಕೊಂಡೆ, ಅದು ಈ ಕೆಲಸದ ಅತಿ ದುಬಾರಿ ಬಿಡಿಭಾಗ. ಮುಖ್ಯ ಚಿಪ್ಪಿಗೆ ಹೋಗುವ 5 ವೋಲ್ಟಿನ ಗೆರೆಯನ್ನು ಮಲ್ಟಿಮೀಟರಿನಿಂದ ಹುಡುಕಿ ಅಲ್ಲಿಂದಲೇ ಪಡೆಯಿರಿ. ಬೇರೆ ವಾದ್ಯ ಅಥವಾ ಕಂಪ್ಯೂಟರಿನೊಂದಿಗೆ ಸಂದೇಶ ಹಂಚಿಕೊಳ್ಳುವ ಮಿಡಿ (MIDI) ಜ್ಯಾಕ್ ಇರುವ ವಾದ್ಯಕ್ಕೆ ಈ ಮಾರ್ಪಾಡು ಬೇಡ. ಮಿಡಿಯ ಸಂದೇಶಗಳು ಸೆಕೆಂಡಿಗೆ 31,250 ಬಿಟ್‌ಗಳ ನಿಶ್ಚಿತ ವೇಗದಲ್ಲೇ ಹೋಗಬೇಕು, ಆ ವೇಗವೂ ಅದೇ ಗಡಿಯಾರದಿಂದ ಬರುತ್ತಿದ್ದರೆ ಸಂಪರ್ಕ ಕೆಡುತ್ತದೆ.

ಮುಚ್ಚುವುದು ಮತ್ತು ಗುರುತು ಹಾಕುವುದು

ಗುಂಡಿಗಳಿಗೆ ರಂಧ್ರ ಕೊರೆಯುವ ಮುನ್ನ ಮುಚ್ಚಳವನ್ನು ಬೋರ್ಡಿನಿಂದ ಬೇರ್ಪಡಿಸಿ. ಪ್ಲಾಸ್ಟಿಕ್ ಚೂರು ಕೀಲಿಗಳ ರಬ್ಬರಿನ ಕೆಳಗೆ ಸೇರಿದರೆ ಸ್ವರ ಹುಟ್ಟುವುದಿಲ್ಲ. ಸೇರಿಯೇ ಬಿಟ್ಟರೆ ಇಂಗಾಲದ ಬಿಲ್ಲೆಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಮೆತ್ತಗೆ ಒರೆಸಿ. ಮೊದಲು ಚಿಕ್ಕ ರಂಧ್ರ ಕೊರೆದು ಆಮೇಲೆ ಹಿಗ್ಗಿಸಿದರೆ ಪ್ಲಾಸ್ಟಿಕ್ ಸೀಳುವುದಿಲ್ಲ. ತಂತಿಗಳು ಬೋರ್ಡನ್ನು ಬಿಡುವ ಜಾಗದಲ್ಲಿ ಬಿಸಿ ಅಂಟನ್ನು ಹಾಕಿ, ಎಳೆತ ಬೆಸುಗೆಯ ಮೇಲೆ ಬೀಳದಿರಲಿ. ತಿರುಪುಗಳನ್ನು ಮೊದಲು ಹಿಂದಕ್ಕೆ ತಿರುಗಿಸಿ, ಹಳೆಯ ಸುರುಳಿಗೆರೆಯಲ್ಲಿ ಟಕ್ಕನೆ ಕುಳಿತದ್ದು ಕೈಗೆ ತಿಳಿದ ಮೇಲೆ ಬಿಗಿ ಮಾಡಿದರೆ ಪ್ಲಾಸ್ಟಿಕ್ಕಿನ ಆ ಗೆರೆಗಳು ಸವೆಯುವುದಿಲ್ಲ.

ಕೊನೆಗೆ ಗುಂಡಿಯ ಸುತ್ತ ಒಂದು ಕಾಗದದ ಬಿಲ್ಲೆ ಅಂಟಿಸಿ, ಒಂದು ಮನೆಯ ಕೀಲಿಯನ್ನು ಒತ್ತಿ ಹಿಡಿದು, ಶ್ರುತಿ ಪೆಟ್ಟಿಗೆಯೊಂದಿಗೆ ಸೇರಿಸುತ್ತ ಪ್ರತಿ ಅರ್ಧ ಮನೆಗೂ ಪೆನ್ಸಿಲಿನಲ್ಲಿ ಗೆರೆ ಹಾಕಿ. ಗೆರೆಗಳ ನಡುವಿನ ಅಂತರ ಸಮವಾಗಿ ಬರುವುದಿಲ್ಲ. ಶ್ರುತಿ ಇಳಿದಂತೆ ಒಂದು ಅರ್ಧ ಮನೆಗೆ ಬೇಕಾಗುವ ರೋಧವೂ ಹೆಚ್ಚುವುದರಿಂದ ಕೆಳಗಿನ ಮನೆಗಳು ಅಗಲವಾಗಿ ಕೂರುತ್ತವೆ. ಆದ್ದರಿಂದ ಸ್ಕೇಲು ಹಿಡಿದು ಭಾಗ ಮಾಡದೆ ಕಿವಿಯಿಂದಲೇ ಗುರುತಿಸಬೇಕು. ನಾವು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳ ಷಡ್ಜಕ್ಕೆ ಹಾಕಿದ ಗೆರೆ ಐದು ಮನೆಗಿಂತ ಒಂದು ಅಕ್ಕಿಕಾಳಿನಷ್ಟು ಮೇಲೆ, ಗುರುಗಳ ಹಾರ್ಮೋನಿಯಂ ನಿಲ್ಲುವಲ್ಲಿ ಇದೆ. ಅದನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೇವೆ.